ಕಡ್ಡಿ ನೆಡದ ಜಾಗ

ಜನವರಿಯ ತುಂಬ ನನ್ನ ಲೋಕ ಇಷ್ಟೇ:
ಅಡುಗೆಮನೆ ಕಿಟಕಿ, ಅದರಾಚೆ ಒಂದು ಸೇಬಿನ ಮರ,
ಮರಕ್ಕೆ ನೇತುಹಾಕಿದ ಕೊಬ್ಬಿನ ಉಂಡೆ.
ಉಂಡೆಗೆ ತಲೆಕೆಳಗಾಗಿ ಜೋತುಬಿದ್ದ ನೀಲಿ ಟಿಟ್ ಮೂರು,
ಕೆಳಗೆ ಉದುರಿದ್ದಕ್ಕೆಲ್ಲ ತಾನೇ ಒಡೆಯನೆಂದು ಎದೆಯುಬ್ಬಿಸಿ
ಒಂದೇ ಒಂದು ರಾಬಿನ್.
ಕೆಂಪೆದೆ ಅನ್ನುತ್ತಾರೆ. ಸರಿಯಾಗಿ ನೋಡಿ,
ತುಕ್ಕು ಹಿಡಿದ ಚಿಲಕದ ಬಣ್ಣ.

ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲಿ ಬರೆದಿಡುತ್ತೇನೆ:
ಟಿಟ್ ಮೂರು. ರಾಬಿನ್ ಒಂದು. ಗುಬ್ಬಿ, ಎಣಿಸಲು ಬಿಡಲಿಲ್ಲ.
ಇಪ್ಪತ್ತೆರಡು ವರ್ಷ ಸೇತುವೆ ಎತ್ತಿ ಇಳಿಸಿದ ಕೈ,
ದಾಟಿಹೋದ ದೋಣಿಗಳನ್ನು ಗುರುತುಹಾಕಿಕೊಂಡ ಚಟ
ಕೆಲಸ ಬಿಟ್ಟರೂ ಬಿಡಲಿಲ್ಲ.

ಫೆಬ್ರವರಿ ಕೊನೆಗೆ ಕಾಲುವೆಯ ಮಂಜುಗಡ್ಡೆ
ಹಾಲಿನ ಕೆನೆಯಷ್ಟು ತೆಳುವಾಗಿ, ಒಂದು ಬೆಳಿಗ್ಗೆ, ಇಲ್ಲ.
ಜೌಗಿನಲ್ಲಿ ಇನ್ನೂ ಬಾತುಗಳ ಸಂತೆ:
ಸಾವಿರ ಕಪ್ಪು ಕುತ್ತಿಗೆ, ಸಾವಿರ ಬಾಯಿ,
ಯಾರ ಮಾತೂ ಯಾರಿಗೂ ಕೇಳಿಸದ ಪಂಚಾಯಿತಿ.
ಡೌವೆ ಗೇಟಿಗೊರಗಿ ಬಯ್ಯುತ್ತಾನೆ,
'ನನ್ನ ಹಸುಗಳ ಹುಲ್ಲು, ನೋಡು ಹಿಸ್ಕೆ, ಬುಡಸಮೇತ!'
ಬಯ್ಯುತ್ತಲೇ ದುರ್ಬೀನು ಕಣ್ಣಿಗೇರಿಸುತ್ತಾನೆ.

ಮಾರ್ಚ್ ಎಂಟು. ಮೊದಲು ಸದ್ದು,
ಒದ್ದೆ ಬೆರಳಲ್ಲಿ ಗಾಜು ಉಜ್ಜಿದ ಹಾಗೆ: ಪೀ-ವಿಟ್.
ಆಮೇಲೆ ಟಿಟ್ಟಿಭ.
ಜುಟ್ಟು ಗಾಳಿಗೆ ಬಾಗಿ, ರೆಕ್ಕೆ ಒಣಹಾಕಿದ ಬಟ್ಟೆಯಂತೆ ಪಟಪಟಿಸಿ
ಮೇಲೇರಿ, ಏರಿದ್ದೇ ಮರೆತಂತೆ ಬಿದ್ದು,
ನೆಲಕ್ಕೆ ಇನ್ನೇನು ತಗುಲಿತು ಅನ್ನುವಷ್ಟರಲ್ಲಿ
ತೆಗೆದುಕೊಂಡಿತು ತನ್ನನ್ನು ತಾನೇ ವಾಪಸು.

ಹನ್ನೊಂದರ ಡೌವೆ ಆ ವರ್ಷ ಊರಿಗೇ ಮೊದಲ ಮೊಟ್ಟೆ ತಂದಿದ್ದ,
ಗಳ ಊರಿ ಕಾಲುವೆ ಹಾರಿ, ಟೋಪಿಯಲ್ಲಿ ಬೆಚ್ಚಗೆ ಮುಚ್ಚಿ.
ಮೇಷ್ಟ್ರು ಕೈಕುಲುಕಿದರು, ಪೇಪರಿನವರು ಫೋಟೋ ಹಿಡಿದರು,
ಅವನಪ್ಪ ಜೀವಮಾನಕ್ಕೆ ಒಂದೇ ಸಲ ಭುಜ ತಟ್ಟಿದ.
'ಆಗ ತೆಗೆದರೆ ಮತ್ತೆ ಇಡುತ್ತಿತ್ತು' ಎನ್ನುತ್ತಾನೆ,
'ಹುಲ್ಲಿಗೂ ಪುರುಸೊತ್ತಿತ್ತು.'
ಈಗ ಫ್ರೀಸ್‌ಲ್ಯಾಂಡಿನಲ್ಲಿ ಮೊಟ್ಟೆ ಎತ್ತುವಂತಿಲ್ಲ.
ಹುಡುಕಬಹುದು. ಗೂಡಿನ ಪಕ್ಕ ಬಿದಿರುಕಡ್ಡಿ ನೆಡಬಹುದು,
ಕೊಯ್ಯುವ ಯಂತ್ರ ಕಂಡು ಬಳಸಿ ಹೋಗಲಿ ಅಂತ.

ಆದರೆ ಕಾಗೆಗೆ ಕಡ್ಡಿ ಓದಲು ಬರುತ್ತದೆ.
ಹೋದ ವರ್ಷ ಏಳು ಕಡ್ಡಿ, ಏಳು ಬರಿದು ಗೂಡು.
ಮನುಷ್ಯ ಗುರುತು ಹಾಕಿದಲ್ಲಿ ಏನೋ ಇರುತ್ತದೆ,
ಇಷ್ಟನ್ನು ಅದಕ್ಕೆ ಯಾರು ಕಲಿಸಬೇಕಿತ್ತು?

ಇವತ್ತು ಬಿಸಿಲು ಬೆನ್ನಿಗಿಟ್ಟು ನಡೆದೆವು.
ಅವನು ಹುಲ್ಲು ನೋಡುವುದಿಲ್ಲ, ಹಕ್ಕಿ ನೋಡುತ್ತಾನೆ:
ಹಾರುವ ಮುಂಚೆ ತಲೆತಗ್ಗಿಸಿ ಎಷ್ಟು ದೂರ ಓಡಿತು,
ಎದ್ದದ್ದು ಸುಳ್ಳಿಗೋ ನಿಜಕ್ಕೋ.
ನಿಂತ. ಬೂಟಿನ ತುದಿಗೆ ಒಂದು ಮೊಳ ಆಚೆ
ಹಸು ಊರಿದ ಹೆಜ್ಜೆಗುಳಿಯಲ್ಲಿ ನಾಲ್ಕು,
ಚೂಪು ತುದಿಗಳನ್ನು ನಡುವೆ ಕೂಡಿಸಿಕೊಂಡು
ಗುಟ್ಟು ಮಾತಾಡುವವರಂತೆ.
ಕೆಸರಿನದೇ ಬಣ್ಣ, ಕೆಸರಿನದೇ ಚುಕ್ಕೆ.

ಕಂಕುಳಲ್ಲಿ ಕಡ್ಡಿಯ ಕಟ್ಟು. ಬಿಚ್ಚಲಿಲ್ಲ.
ತಿರುಗಿ ಚರ್ಚಿನ ಗೋಪುರ ನೋಡಿದ, ಆಮೇಲೆ ಬಾಗಿದ ವಿಲ್ಲೋ ಮರ,
ತುಟಿಯಲ್ಲೇ ಹೆಜ್ಜೆ ಎಣಿಸಿದ.
'ಎಪ್ಪತ್ತಾರಾಯಿತು. ಕೊಯ್ಲಿನ ಹೊತ್ತಿಗೆ ಮರೆತರೆ?
ನೀನೂ ಇಟ್ಟುಕೋ.'
ಎರಡು ಸಂಖ್ಯೆ ಹೇಳಿದ, ಕಿವಿಯಲ್ಲಿ, ಬಯಲ ನಟ್ಟನಡುವೆ.
ಬರೆಯಬೇಡ ಅಂದ.
ಯಾರು ಓದುತ್ತಾರೆ ಅಂದೆ.
ಮೇಲೆ ನೋಡಿದ.

ಮನೆಗೆ ಬಂದು ಬೂಟು ತೊಳೆದೆ, ಪುಸ್ತಕ ತೆಗೆದೆ.
ಟಿಟ್ಟಿಭ, ಮೊಟ್ಟೆ ನಾಲ್ಕು. ಜಾಗ:
ಅಲ್ಲಿ ಪೆನ್ನು ಎತ್ತಿಬಿಟ್ಟೆ.
ರಾತ್ರಿ ಮಲಗಿ ಎಣಿಸುತ್ತೇನೆ,
ಗೋಪುರಕ್ಕೆ ಬೆನ್ನು ಮಾಡಿ ಇಷ್ಟು, ವಿಲ್ಲೋ ಕಡೆಗೆ ಇಷ್ಟು,
ತಪ್ಪಿದರೆ ಮತ್ತೆ ಗೇಟಿನಿಂದ.

ಸೇಬಿನ ಮರದಲ್ಲಿ ಕೊಬ್ಬಿನ ಉಂಡೆ ಹಾಗೇ ಇದೆ, ಅರ್ಧ.
ಕೇಳುವವರಿಲ್ಲ.
ಎಲ್ಲರಿಗೂ ಈಗ ಹುಳು ಸಿಕ್ಕಿದೆ.